ರಿಯಾಯಿತಿ ಬೇಡ, ಬಿಟ್ಟುಬಿಡಿ

ವಿದ್ಯುತ್ ಕಂಪನಿಯವರಿಗೆ,

ಫೋನಿನಲ್ಲಿ ಹೇಳಿದ್ದು ಸಾಲದೆಂದು ಈ ಪತ್ರವನ್ನು ನಿಮ್ಮ ಕೌಂಟರಿನಲ್ಲೇ ಕೊಡುತ್ತಿದ್ದೇನೆ.

ವೈಯಾಲ್ಲಾ ಊರಿನ ಮನೆ ಬಿಟ್ಟಾಗ, ಹಳೆಯ ಗ್ರಾಹಕರ ರಿಯಾಯಿತಿ ತಪ್ಪಬಾರದೆಂದು ನಾನೂ ಗಂಡ ಡೆಸ್ಮಂಡನೂ ಜಂಟಿಯಾಗಿ ಇಟ್ಟಿದ್ದ ಖಾತೆಯನ್ನೇ ಇಲ್ಲಿಗೆ ವರ್ಗಾಯಿಸಿಕೊಂಡೆ. ಈಗ ಬೇರೆ ಕಂಪನಿಗೆ ಹೋಗುತ್ತೇನೆಂದರೆ ಫೋನೆತ್ತಿದ ನಿಮ್ಮ ಹುಡುಗಿ, "ಹೋಗ್ಬೇಡಿ ಮೇಡಂ, ರಿಯಾಯಿತಿ ಇನ್ನೂ ಜಾಸ್ತಿ ಮಾಡ್ತೀವಿ. ಖಾತೇಲಿ ಮೊದಲ ಹೆಸರು ನಿಮ್ಮ ಯಜಮಾನ್ರದ್ದು, ವೈಯಾಲ್ಲಾ ವಿಳಾಸಕ್ಕೆ ಅವ್ರಿಗೂ ಒಂದು ಪತ್ರ ಹಾಕ್ತೀವಿ" ಎಂದಳು. ಬೇಡವೆಂದೆ. "ಅಯ್ಯೋ, ಒಳ್ಳೇ ಸುದ್ದಿ ತಾನೇ?" ಎಂದು ನಕ್ಕಳು.

ಬಿಟ್ಟುಹೋಗುತ್ತೇನೆ ಎಂದಾಗಲೆಲ್ಲ ಡೆಸ್ಮಂಡನೂ ಹೀಗೆಯೇ ಏನಾದರೊಂದು ಕೊಡುತ್ತಿದ್ದ.

ನಿಮ್ಮ ಪತ್ರದ ತಲೆಯ ಮೇಲೆ ಮೀಟರ್ ಇರುವ ಮನೆಯ ವಿಳಾಸ ಅಚ್ಚಾಗಿರುತ್ತದೆ. ಅದು ಅವನ ಕೈಸೇರಬಾರದು. ಅವನು ನಮ್ಮ ಹತ್ತಿರ ಸುಳಿಯಬಾರದೆಂಬ ಕೋರ್ಟಿನ ಆದೇಶವನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ರಿಯಾಯಿತಿಯನ್ನು ನೀವೇ ಇಟ್ಟುಕೊಳ್ಳಿ. ನನ್ನನ್ನು ಉಳಿಸಿಕೊಳ್ಳಲು ಯಾರಿಗೂ ಏನೂ ಬರೆಯಬೇಡಿ.

ಪತ್ರ ಆಗಲೇ ಹೋಗಿದ್ದರೆ ದಯವಿಟ್ಟು ಮುಚ್ಚಿಡದೆ ಇವತ್ತೇ ಫೋನ್ ಮಾಡಿ. ಮಕ್ಕಳನ್ನು ಎಬ್ಬಿಸಿಕೊಂಡು ಹೊರಡಲು ನನಗೆ ಕಾಲು ಗಂಟೆ ಸಾಕು. ಹೋದ ಸಲವೂ ಅಷ್ಟೇ ಹಿಡಿದಿತ್ತು.

ಇತಿ,
ರೊವೀನಾ ಪೆಂಗೆಲಿ