ಸೆಲೋಸ್ ಮುಂದಿನ ಖಾಲಿ ಜಾಗ

ಸೋಮವಾರ, ೬ ಫೆಬ್ರುವರಿ ೧೯೬೧

ಬೆಳಿಗ್ಗೆಯಿಂದ ಡೋಸ್ ಪಟ್ಟಿ ಕತ್ತರಿಸಿದ್ದೇ ಕೆಲಸ. ನಲವತ್ತಾಯಿತು. ರದ್ದಿ ಕಾಗದ ಮಡಚು, ಅಂಚಿಗೆ ಕಚ್ಚು ಹಾಕು, ಬಿಡಿಸು — ಮಿಕ್ಸ್‌ಚರ್ ಬಾಟಲಿಗೆ ಅಂಟಿಸಿದರೆ ಒಂದು ಕಚ್ಚಿಗೆ ಒಂದು ಡೋಸು. ದಾಂಡೇಲಿ ಮಿಲ್ಲಿನ ದವಾಖಾನೆಗೆ ಕಂಪೌಂಡರ್ ಇವರು, ನನ್ನ ಯಜಮಾನರು. ಕತ್ತರಿ ನನ್ನದು.

ಮಿಲ್ಲಿಗೆ ಹೊಸ ಮಶೀನು ಕೂಡಿಸಲು ಸ್ಪೇನ್ ದೇಶದ ಇಂಜಿನಿಯರ್ ಬಂದಿದ್ದಾನೆ. ಅವನ ಹೆಂಡತಿ ಪಿಲಾರ್‌ಗೆ ನಿದ್ದೆಯಿಲ್ಲ, ಊಟವಿಲ್ಲ. ಬರೀ ಅಳು. ಇಂಗ್ಲಿಷ್ ಬರದು. ಡಾಕ್ಟರು ಮನಸ್ಸಿಗೆ ಸಂಬಂಧಪಟ್ಟ ಮೂವತ್ತು ಇಂಗ್ಲಿಷ್ ಶಬ್ದ ಬರೆದುಕೊಟ್ಟಿದ್ದಾರೆ. ಆಕೆಯ ನಿಘಂಟಿನಲ್ಲಿ ಸ್ಪ್ಯಾನಿಷ್ ಹುಡುಕಿ ಎದುರಿಗೆ ಬರೆಯಬೇಕು. ಆಕೆ ಬೆರಳಿಟ್ಟು ತೋರಿಸಿದರೆ ಏನಾಗಿದೆ ಅಂತ ತಿಳಿಯುತ್ತದಂತೆ. ಹುಡುಕುವವರು ಯಾರು? ನಮ್ಮವರು. ದಿನಾ ಸಂಜೆ ಇಂಜಿನಿಯರನ ಬಂಗಲೆಗೆ.

ಗುರುವಾರ, ೯

ಇವರಿಗೆ ಮೊದಲು ವಾರಕ್ಕೆರಡು ಸಲ ಕ್ಷೌರ. ಈಗ ದಿನಾ.

ರವಿವಾರ, ೧೨

ನಳದ ಹತ್ತಿರ ಪಕ್ಕದ ಕ್ವಾರ್ಟರ್ಸಿನ ಮಾಲವ್ವ ಕೇಳಿದಳು — “ಏನ್ರಿ ಗಿರಿಜಾಬಾಯಿ, ನಿಮ್ಮ ಯಜಮಾನ್ರು ರವಿವಾರಾನೂ ಬಂಗಲೇಕ ಹೊಂಟಾರಲ್ಲ? ಅಂಬೇವಾಡಿ ಓಣಿ ತುಂಬ ಪೌಡರ್ ವಾಸನಿ!”

ನಕ್ಕೆ. ಕೊಡ ಅರ್ಧ ತುಂಬಿದ್ದೂ ನೋಡದೆ ಎತ್ತಿಕೊಂಡು ಬಂದೆ.

ಗುರುವಾರ, ೧೬

ಊಟಕ್ಕೆ ಕೂತು ಇವರ ಪಾಠ. “ಅಂಜಿಕೀಗೆ ಮಿಯೆದೊ ಅಂತಾರ ನೋಡು. ದುಃಖಕ್ಕ ತ್ರಿಸ್ತೆಸಾ. ಸಂಕಟಕ್ಕ ಅಂಗುಸ್ತಿಯಾ. ಎಷ್ಟು ಚಂದ ಐತಿ!”

ಚಂದ. ಎರಡು ವರ್ಷದ ಹಿಂದೆ ಮಳಗಿಯಲ್ಲಿ, ತವರಿನಲ್ಲಿ, ನನ್ನ ಕೂಸು ಒಂಬತ್ತನೇ ದಿನ ಹೋಯಿತು. ಇವರು ಬಂದರು, ಮಣ್ಣು ಮಾಡಿದರು, ಮೂರನೇ ದಿನ ಡ್ಯೂಟಿ ಅಂತ ದಾಂಡೇಲಿ ಬಸ್ ಹತ್ತಿದರು. ಅವತ್ತಿನಿಂದ ಇವತ್ತಿನವರೆಗೆ — ಗಿರಿಜಾ, ನಿನ್ನ ಮನಸ್ಸು ಹೇಗಿದೆ ಅಂತ ಕನ್ನಡದಲ್ಲಿ ಒಂದು ಮಾತು ಕೇಳಿಲ್ಲ. ಊರವಳಲ್ಲ, ಕೇರಿಯವಳಲ್ಲ, ಅವಳ ಮನಸ್ಸಿಗೆ ಮೂವತ್ತು ಶಬ್ದ!

ಸೋಮವಾರ, ೨೭

ಹನ್ನೊಂದು ದಿನ ಏನೂ ಬರೆದಿಲ್ಲ. ಮಾತೂ ಕಡಿಮೆ.

“ಇವತ್ತ ಬಂಗಲೇ ಬಾಯಾರು ಎರಡು ಚಪಾತಿ ತಿಂದ್ರು, ಗೊತ್ತೇನ?”

“ನಾ ಎಷ್ಟ ತಿಂದೆ, ಗೊತ್ತೈತೇನ್ರಿ?”

ನನ್ನ ಮುಖ ನೋಡಲಿಲ್ಲ. ರೊಟ್ಟಿ ಬುಟ್ಟಿ ನೋಡಿದರು.

ಶುಕ್ರವಾರ, ೩ ಮಾರ್ಚ್. ಮಧ್ಯಾಹ್ನ

ಮಾಡಬಾರದ್ದು ಮಾಡಿದೆ.

ನಾಳೆ ಡಾಕ್ಟರಿಗೆ ಕೊಡಬೇಕಾದ ಶಬ್ದಗಳ ಹಾಳೆ ರದ್ದಿಯ ಪಕ್ಕದಲ್ಲೇ ಇತ್ತು. ಕತ್ತರಿ ಕೈಯಲ್ಲಿತ್ತು. ಗೊತ್ತಿದ್ದೇ ಕತ್ತರಿಸಿದೆ. ಸಾಲು ಸಾಲಾಗಿ, ಡೋಸ್ ಪಟ್ಟಿಯ ಅಳತೆಗೆ. ಅಂಟಿಕೊಳ್ಳಲಿ ಅವಳ ದುಃಖ ಕೆಮ್ಮಿನ ಬಾಟಲಿಗಳಿಗೆ!

ಕಚ್ಚು ಹಾಕುವಾಗ ಕಣ್ಣಿಗೆ ಬಿತ್ತು. ಇಂಗ್ಲಿಷ್, ಸ್ಪ್ಯಾನಿಷ್ ಆದ ಮೇಲೆ ಮೂರನೇ ಕಾಲಮ್ — ಪೆನ್ಸಿಲ್ಲು, ಕನ್ನಡ. ಶಬ್ದದ ಅರ್ಥ ನೆನಪಿಡಲು, ಅದು ಯಾರಲ್ಲಿ ಕಂಡಿತು ಅಂತ ಬರೆದುಕೊಂಡಿದ್ದಾರೆ; ಕೊಡುವ ಮುಂಚೆ ಅಳಿಸಬಹುದು. ಸಿಟ್ಟಿನ ಮುಂದೆ ‘ಡಾಕ್ಟರು, ಸೋಮವಾರ’. ಅಂಜಿಕೆಯ ಮುಂದೆ ‘ಮುದಕಪ್ಪ, ಸೂಜಿ ಕಂಡಾಗ’. ಪ್ಯೂನ್ ಮುದಕಪ್ಪ! ನಗು ಬಂತು.

ಆಮೇಲೆ, ದ್ವೇಲೊ — ಸತ್ತವರಿಗಾಗಿ ಪಡುವ ದುಃಖ. ಅದರ ಮುಂದೆ: ‘ಗಿರಿಜಾ. ಅಮಾವಾಸ್ಯೆಗೊಮ್ಮೆ ಕುಂಚಿಗಿ ಒಗೆದು, ಒಣಗಿಸಿ, ಮಡಚಿ ಇಡುತ್ತಾಳೆ.’

ಕೂಸಿನ ಕುಂಚಿಗಿ, ತಲೆ ಬೆನ್ನು ಮುಚ್ಚುವ ಟೊಪ್ಪಿಗೆ. ಇವರು ಡ್ಯೂಟಿಗೆ ಹೋದ ಮೇಲೆಯೇ ಒಗೆಯುತ್ತೇನೆ. ಹಿತ್ತಲಲ್ಲಿ, ಸೀರೆಯ ಮರೆಗೆ ಹರವುತ್ತೇನೆ. ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ.

ಅತ್ತುಬಿಟ್ಟೆ. ಆದರೂ ಹೊಟ್ಟೆಕಿಚ್ಚು ಆರಲಿಲ್ಲ. ದಿನಾ ಆಕೆಯ ಮುಂದೆ ಕೂತು ಬರೆದದ್ದು ಇದನ್ನು. ಓದಲು ಆಕೆಗೆ ಕನ್ನಡ ಬರುವುದಿಲ್ಲ. ನನಗೆ ಬರುತ್ತದೆ. ನನಗೇ ತೋರಿಸಲಿಲ್ಲ.

ಅದೇ ದಿನ, ಐದು ಗಂಟೆ

ಮೈದಾ ಅಂಟು ಕಾಸಿ, ಹಳೇ ಕ್ಯಾಲೆಂಡರಿನ ಬೆನ್ನಿಗೆ ಮೂವತ್ತೂ ಪಟ್ಟಿ ಜೋಡಿಸಿದೆ. ಆರೇಳು ಪಟ್ಟಿಗೆ ಕಚ್ಚು ಬಿದ್ದೇ ಬಿಟ್ಟಿದೆ.

ಒಂದೇ ಒಂದರ ಮುಂದೆ ಪೆನ್ಸಿಲ್ ಗುರುತಿಲ್ಲ. ಸೆಲೋಸ್ — ಹೊಟ್ಟೆಕಿಚ್ಚು. ಪುಣ್ಯಾತ್ಮರಿಗೆ ಯಾರೂ ನೆನಪಾಗಲಿಲ್ಲ! ಪೆನ್ಸಿಲ್ ತಗೊಂಡು ನಾನೇ ಬರೆದೆ: ಗಿರಿಜಾ. ದಿನಾ ಸಂಜೆ.

ಶನಿವಾರ, ೪. ಬೆಳಿಗ್ಗೆ ಏಳು

ನಿನ್ನೆ ಕೊಡುವ ಧೈರ್ಯವಾಗಲಿಲ್ಲ. ಈಗ ಚಹಾದ ಜೊತೆ ಇಟ್ಟೆ. ಕತ್ತರಿಸಿದ ಗೀಟುಗಳ ಮೇಲೆ ಬೆರಳಾಡಿಸಿದರು. ಬೈಯಲಿಲ್ಲ. ಸೆಲೋಸ್ ಹತ್ತಿರ ಬೆರಳು ನಿಂತಿತು.

“ಇಷ್ಟ ದಿವಸಾನೂ?”

“ಹೂಂ.”

ಮಿಲ್ಲಿನ ಸೀಟಿ ಆಯಿತು. ಏಳಲಿಲ್ಲ. ಚಹಾ ಆರಿತು.

“ನನಗ ಕೇಳಾಕ ಬರಲಿಲ್ಲ, ಗಿರಿಜಾ. ಕೇಳಿದ್ರ ನೀ ಅಳ್ತಿ, ನೀ ಅತ್ರ ನಾನೂ…” ಹಾಳೆಯನ್ನು ನನ್ನ ಕಡೆ ಸರಿಸಿದರು. “ಬಾಯಿಲೆ ಹೇಳೂದು ಬ್ಯಾಡ. ಬೆರಳಿಟ್ಟು ತೋರಿಸು.”

ಮುಖ ತೊಳೆಯಲು ಹಿತ್ತಲಿಗೆ ಹೋಗಿದ್ದಾರೆ. ನೀರಿನ ಸಪ್ಪಳ ನಿಂತು ಬಹಳ ಹೊತ್ತಾಯಿತು. ಇನ್ನೂ ಬಂದಿಲ್ಲ. ಮೂವತ್ತು ಶಬ್ದ ಎದುರಿಗಿವೆ. ಯಾವುದರಿಂದ ಶುರು ಮಾಡಲಿ — ಬಂಗಲೆಯಿಂದಲೋ, ಮಳಗಿಯಿಂದಲೋ…

ಬಂದರು. ಕಣ್ಣು ಕೆಂಪಗಿವೆ. ಹಿಂದಿನ ಕೋಣೆಯ ಪೆಟ್ಟಿಗೆಯಲ್ಲಿ ನಾನು ಮಡಚಿಟ್ಟಿದ್ದ ಕುಂಚಿಗಿ ಕೈಯಲ್ಲಿ. ಮೊದಲು ದ್ವೇಲೊ.