ಅಪ್ಪ ಬರೆದುಕೊಡದ ಮಾತು

ತಳಕಲ್
೪ ಡಿಸೆಂಬರ್ ೧೯೪೯

ನನ್ನ ಕಂದ ಈಶಪ್ಪನಿಗೆ,

ಅವ್ವನ ತುಂಬು ಹರಕೆ. ನಿನ್ನ ಮೈಯಲ್ಲಿ ಹೇಗಿದೆ? ಪುಣೆಯಲ್ಲಿ ಈಗ ಚಳಿ ಬಿದ್ದಿರಬೇಕು. ಚಿಕ್ಕಂದಿನಿಂದ ನಿನಗೆ ಚಳಿಗಾಲದಲ್ಲಿ ಕೆಮ್ಮು ಹಿಡಿಯುತ್ತದೆ, ಕಿವಿ ಮುಚ್ಚಿಕೊಂಡು ಓಡಾಡು. ನಾನು ಆರೋಗ್ಯವಾಗಿದ್ದೇನೆ. ನಿನ್ನ ತಂಗಿ ಪಂಪಿಯೂ ಆರೋಗ್ಯವಾಗಿದ್ದಾಳೆ. ನಿನ್ನ ನಾಲ್ಕು ಸಾಲಿನ ಪತ್ರ ಹೋದ ಸೋಮವಾರ ಬಂತು. ನಾವು ಕೊಟ್ಟ ತಂತಿ ನಿನ್ನ ಹಳೆಯ ಬಿಡಾರಕ್ಕೆ ಹೋಗಿ, ಹದಿನೆಂಟು ದಿನ ಅಲ್ಲೇ ಬಿದ್ದಿತ್ತೆಂದು ಅದರಿಂದ ತಿಳಿಯಿತು. ಅಪ್ಪನ ಮಣ್ಣಿಗೆ ನೀನು ಬರಲಿಲ್ಲವೆಂದು ಊರವರು ಆಡಿಕೊಂಡದ್ದಕ್ಕೆ ಈಗ ನನ್ನಲ್ಲಿ ಉತ್ತರವಿದೆ. ಆದರೆ ಕೊನೆಯ ಸಾಲಿನಲ್ಲಿ "ಇನ್ನು ಯಾವ ಮುಖ ಹೊತ್ತು ಬರಲಿ" ಎಂದು ಬರೆದಿದ್ದೀಯಲ್ಲ, ಅದಕ್ಕೆ ಉತ್ತರ ಕೊಡಲು ನನಗೆ ಆರು ದಿನ ಬೇಕಾದವು.

ಅಪ್ಪನ ಕಡೆಯ ದಿನಗಳನ್ನು ಮೊದಲು ಹೇಳಿಬಿಡುತ್ತೇನೆ. ದೀಪಾವಳಿಯ ಸೂಟಿಗೆ ತಾವು ಗಣಿತ ಕಲಿಸುವ ಕಾಲೇಜಿನಿಂದ ಊರಿಗೆ ಬಂದಾಗಲೇ ಎದೆಯಲ್ಲಿ ಕಫ ಕಟ್ಟಿತ್ತು. ಕೊಪ್ಪಳದಿಂದ ಡಾಕ್ಟರನ್ನು ಕರೆಸಿದೆವು. ಮೂರನೆಯ ದಿನ ಜ್ವರ ನೆತ್ತಿಗೇರಿತು. ಕಾಲೇಜಿನ ದಫ್ತರದಲ್ಲಿ ಗುಮಾಸ್ತರಾಗಿರುವ ಅಬ್ದುಲಸಾಬರು ನಿನಗೆ ನೆನಪಿದ್ದಾರಲ್ಲ, ಸುದ್ದಿ ಕೇಳಿ ರೈಲು ಹತ್ತಿ ಬಂದು ಹಾಸಿಗೆಯ ಪಕ್ಕದಲ್ಲೇ ಕೂತರು. ನಿಮ್ಮಪ್ಪ ಕ್ಲಾಸಿನಲ್ಲಿ ನಿಂತವರ ಹಾಗೆ ಉರ್ದುವಿನಲ್ಲಿ ಏನೋ ಲೆಕ್ಕ ಹೇಳತೊಡಗಿದರು. ನಡುನಡುವೆ ಕನ್ನಡದಲ್ಲಿ "ತಿಳೀತೇನ್ರಪಾ?" ಎಂದು ಕೇಳುವರು. ಅಬ್ದುಲಸಾಬರು ಪ್ರತಿ ಸಲವೂ "ತಿಳೀತ್ರಿ ಸರ್, ಚಂದಾಗಿ ತಿಳೀತ್ರಿ" ಎನ್ನುವರು. ಆ ಉತ್ತರ ಕೇಳಿದಾಗಲೆಲ್ಲ ನಿಮ್ಮಪ್ಪನ ಉಸಿರು ಸ್ವಲ್ಪ ಹಗುರಾಗುತ್ತಿತ್ತು. ಶನಿವಾರ ಮಧ್ಯಾಹ್ನ ಲಿಂಗೈಕ್ಯರಾದರು. ನಮ್ಮ ಹೊಲದಲ್ಲಿ, ನಿನ್ನ ಅಜ್ಜನ ಮಗ್ಗುಲಿಗೇ ಮಣ್ಣು ಮಾಡಿದೆವು.

ನಿನಗೆ ಗೊತ್ತಿದ್ದ ಅಪ್ಪ ಬೇರೆ, ನಾನು ಕಂಡವರು ಬೇರೆ ಎಂದು ಹೇಳುವುದಿಲ್ಲ. ಅರ್ಧ ನೀನೂ ಕಂಡಿದ್ದೀ. ನಾನು ಈ ಮನೆಗೆ ಬಂದಾಗ ನನಗೆ ಒಂದಕ್ಷರವೂ ಬರುತ್ತಿರಲಿಲ್ಲ. ಕನಕಗಿರಿಯಲ್ಲಿದ್ದ ನಮ್ಮವ್ವನನ್ನು ನೆನೆದು ಅಳುತ್ತಾ ಕೂತರೆ, ಅವರು ಪಾಟಿ ತಂದು, ಅಆಇಈ ಬಿಟ್ಟು, ನೇರವಾಗಿ "ಹಂಪವ್ವ" ಎಂದು ನಮ್ಮವ್ವನ ಹೆಸರನ್ನೇ ಬರೆಸಿದರು. "ಅಕ್ಷರ ಕಲಿಯೂದು ಯಾರಿಗರೆ ಏನರೆ ಹೇಳಾಕ. ಯಾರಿಗಿ ಹೇಳಬೇಕಂತಿ, ಅವ್ರ ಹೆಸರಿನಿಂದನ ಸುರು ಮಾಡು" ಎಂದರು. ನನಗೆ ಚಳಿಜ್ವರ ಬಂದು ತಿಂಗಳುಗಟ್ಟಲೆ ಮಲಗಿದ ವರ್ಷ ಪಂಪಿಗೆ ಏಳು ತುಂಬಿತ್ತು. ದಿನಾ ಮುಂಜಾನೆ ಅವಳಿಗೆ ಎಣ್ಣೆ ಹಚ್ಚಿ ಎರಡು ಜಡೆ ಹೆಣೆದು, ಆಮೇಲೆ ಕೋಟು ತೊಟ್ಟು ಕಾಲೇಜಿಗೆ ಹೋಗುತ್ತಿದ್ದರು. ನೆರೆಯ ರಜಿಯಾಬೇಗಂ ನೋಡಿ ನಕ್ಕಾಗ, "ಮೂರು ಎಳಿ ಕೂಡಿಸೂದ್ರಿ, ಗಣಿತದಾಗ ಇದಕ್ಕಿಂತ ಹಗರ ಲೆಕ್ಕ ಇಲ್ಲ" ಎಂದಿದ್ದರು. ಉರ್ದುವಿನಲ್ಲಿ ಪಾಠ ತಿಳಿಯದ ನಮ್ಮ ಕಡೆಯ ಹುಡುಗರು ಸಂಜೆ ನಮ್ಮ ಪಡಸಾಲೆ ತುಂಬಿ ಕೂತು ಅದೇ ಪಾಠವನ್ನು ಕನ್ನಡದಲ್ಲಿ ಕೇಳುತ್ತಿದ್ದರು. ನೀನೂ ಅವರ ನಡುವೆ ಕೂತವನೇ.

ಇನ್ನು ನಿನಗೆ ಗೊತ್ತಿಲ್ಲದ ಅರ್ಧ. ನಲವತ್ತೇಳರಲ್ಲಿ ನೀನು ಓದು ಬಿಟ್ಟು, ನಿಜಾಮನ ವಿರುದ್ಧ ಹೋರಾಡುವವರ ಗಡಿಯಾಚೆಯ ಶಿಬಿರ ಸೇರಲು ಹೊರಟ ದಿನ ಅವರೆದುರು ನಿಂತು, "ನೀವು ನಿಜಾಮನ ಪಗಾರಕ್ಕ ಅಂಜಿ ಕುಂತೀರಿ" ಎಂದೆ. ಅವರು "ಉಂಡು ಹೋಗು" ಎಂದರು. ನೀನು ಉಣ್ಣದೆ ಹೋದೆ. ಅದಾಗಿ ಎರಡು ತಿಂಗಳಿಗೆ ನಿಜಾಮನ ಸರಕಾರದ ಒಬ್ಬ ಅಧಿಕಾರಿ ಮನೆಗೆ ಬಂದ. ಕೂಡ್ರಿ ಎಂದರೂ ಕೂಡಲಿಲ್ಲ. ಈಶಪ್ಪನೆಂಬವನಿಗೂ ನನಗೂ ಯಾವ ಸಂಬಂಧವೂ ಇಲ್ಲ, ಅವನು ನನ್ನ ಮಗನೇ ಅಲ್ಲ ಎಂದು ಒಂದು ಕಾಗದ ಬರೆದುಕೊಟ್ಟರೆ ನೌಕರಿ ಉಳಿಯುತ್ತದೆ, ಇಲ್ಲವಾದರೆ ಇಲ್ಲ ಎಂದ. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನಿಜ ಹೇಳುತ್ತೇನೆ ಮಗಾ, ಬರೆದುಕೊಡಲಿ ಎಂದೇ ನನ್ನ ಮನಸ್ಸು ಬಯಸಿತು. ಬರೀ ಕಾಗದ ತಾನೇ ಎಂದುಕೊಂಡೆ. ನಿಮ್ಮಪ್ಪ ಮಾತ್ರ, "ಅಂವ ಮಾಡಿದ್ದು ಸರಿಯೋ ತಪ್ಪೋ, ಅದನ್ನ ಬ್ಯಾರೆ ಮಾತಾಡೂಣು. ಮಗಾ ಅಲ್ಲ ಅಂತ ಹ್ಯಾಂಗ ಬರೀಲಿ ಸಾಹೇಬ್ರ? ಆ ಸುಳ್ಳ ಬರದ ಕೈಲೆ ನಾಳೆ ಬೋರ್ಡಿನ ಮ್ಯಾಲ ಏನ ಬರದ್ರೂ ನನಗ ನಂಬಿಗಿ ಬರೂದಿಲ್ಲ" ಎಂದರು. ಆ ವಾರವೇ ಕೆಲಸದಿಂದ ತೆಗೆದರು. ನಾವು ಕಾಲೇಜಿನ ಊರು ಬಿಟ್ಟು ತಳಕಲ್ಲಿಗೆ ಬಂದೆವು. ಕೇಳಿದವರಿಗೆಲ್ಲ ರಜೆ ಹಾಕಿದ್ದೇನೆ ಎಂದು ಹೇಳಿಕೊಂಡರು.

ನಿನಗೆ ತಿಳಿಸುತ್ತೇನೆ ಎಂದು ನಾನು ಕಾಗದ, ಲೆಕ್ಕಣಿಕೆ ಹಿಡಿದು ಕೂತಾಗ ಅವರು ನನ್ನ ಕೈ ಹಿಡಿದರು. "ಬ್ಯಾಡ. ಗೊತ್ತಾದ್ರ ಓಡಿ ಬರ್ತಾನ. ಬಂದ್ರ ಹಿಡೀತಾರ. ನನ್ನ ಮ್ಯಾಲಿನ ಸಿಟ್ಟಿನ್ಯಾಗ ಅಲ್ಲೇ ಇದ್ದಾನ, ಇರಲಿ. ಆ ಸಿಟ್ಟ ಅವನ್ನ ಕಾಯಲಿ" ಎಂದರು. ಹೀಗಾಗಿ ನೀನು ನನಗೆ ಬರೆದ ಪತ್ರಗಳಲ್ಲಿ ಅಪ್ಪನ ಹೆಸರೇ ಇರುತ್ತಿರಲಿಲ್ಲ. ಅವುಗಳನ್ನು ನಾನು ಓದಿ ಹೇಳುತ್ತಿದ್ದೆ, ಅವರು ತಲೆಯಾಡಿಸಿ ಕೇಳುತ್ತಿದ್ದರು. ನಾನೇ ಒಂದೆರಡು ಸಲ "ಅಪ್ಪಗ ನಮಸ್ಕಾರ ಅಂತ ಬರದಾನ" ಎಂದು ಸೇರಿಸಿ ಓದಿದೆ. ಅವರಿಗೆ ತಿಳಿಯದಿರಲಿಲ್ಲ.

ಆ ವರ್ಷ ಅವರ ಆರು ಜನ ವಿದ್ಯಾರ್ಥಿಗಳು ಕುಷ್ಟಗಿ, ಯಲಬುರ್ಗಾ, ನಮ್ಮ ಸೀಮೆಯ ಮಂಗಳೂರಿನಿಂದ ಬಂದು ನಮ್ಮಲ್ಲೇ ಉಳಿದು ಪರೀಕ್ಷೆಗೆ ಓದಿದರು. ದಾರಿಯಲ್ಲಿ ಭಯವಿದ್ದ ಕಾಲ. ಅಬ್ದುಲಸಾಬರು ಪುಸ್ತಕಗಳನ್ನು ಹಾಸಿಗೆಯಲ್ಲಿ ಸುತ್ತಿಕೊಂಡು ಎರಡು ಸಲ ಬಂದುಹೋದರು. ದನದ ಕೊಟ್ಟಿಗೆಯ ಗೋಡೆಗೆ ಮಸಿ ಬಳಿದು ಬೋರ್ಡು ಮಾಡಿದ್ದೆವು. ಆರರಲ್ಲಿ ಐವರು ಪಾಸಾದರು. ನಪಾಸಾದವನ ಊರಿಗೆ ನಿಮ್ಮಪ್ಪ ತಾವೇ ನಡೆದು ಹೋಗಿ, ಎರಡು ದಿನ ಅವನ ಮನೆಯಲ್ಲಿದ್ದು ಬಂದರು.

ಸರಕಾರ ಬದಲಾದ ಮೇಲೆ ಕಾಲೇಜಿನಿಂದ ಕರೆ ಬಂತು, ಹೋದರು. ಈಗಲಾದರೂ ಮಗನಿಗೆ ಬರೆಯಿರಿ ಎಂದು ಎಷ್ಟು ಹೇಳಿದೆ. "ಈಗ ಬರದ್ರ ಉಪಕಾರ ಹೇಳ್ಕೊಂಡಂಗ ಅಕ್ಕೈತಿ. ಅವನಾಗೇ ಬರ್ತಾನ" ಎಂದರು. ಅದು ಅವರ ಹಟ. ನಿನಗೂ ಅದೇ ಹಟ ಬಂದಿದೆ, ಶಿಬಿರ ಮುಗಿದ ಮೇಲೂ ಮನೆಗೆ ಬಾರದೆ ಪುಣೆಯಲ್ಲೇ ಉಳಿದೆ. ನಡುವೆ ಬಾಯಿ ಮುಚ್ಚಿಕೊಂಡು ಕೂತದ್ದು ನನ್ನ ತಪ್ಪು. ಅವರ ಮಾತು ಮೀರಿ ಒಂದು ಕಾರ್ಡು ಹಾಕಿದ್ದರೆ ಹೋದ ವರ್ಷವೇ ನೀವಿಬ್ಬರೂ ಒಂದು ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದಿರಿ. ಇದನ್ನೆಲ್ಲ ಬರೆದದ್ದು ನೀನು ಕೊರಗಲಿ ಎಂದಲ್ಲ. ಅವರು ನಿನ್ನ ಮೇಲೆ ಸಿಟ್ಟಿನಿಂದ ಹೋದರೆಂದು ನೀನು ತಿಳಿದುಕೊಂಡು ಬದುಕಬಾರದು, ಅಷ್ಟೇ.

ಮೈ ಕಡೆ ಲಕ್ಷ್ಯ ಇರಲಿ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಜೊತೆಗಿರುವ ಗೆಳೆಯರಿಗೂ ನನ್ನ ಆಶೀರ್ವಾದ ತಿಳಿಸು. ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅವ್ವ
ಗುರುಲಿಂಗಮ್ಮ

ತಾ.ಕ.: ಟಪಾಲಿನವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಪಂಪಿ ಮಾರ್ಚಿನಲ್ಲಿ ಮೆಟ್ರಿಕ್ಕಿಗೆ ಕೂಡಬೇಕು. ಅಪ್ಪ ಕಲಿಸುತ್ತಿದ್ದ ರೇಖಾಗಣಿತ ಅರ್ಧಕ್ಕೆ ನಿಂತಿದೆ. ಈ ಊರಲ್ಲಿ ಅದನ್ನು ಹೇಳಿಕೊಡುವವರು ಯಾರೂ ಇಲ್ಲ. ನಿನ್ನನ್ನು ಕರೆಸುತ್ತೇನೆಂದರೆ, "ಅವನ ಕಡೆ ನಾ ಕಲಿಯಾಕಿ ಅಲ್ಲ" ಎಂದು ಪುಸ್ತಕ ಮುಚ್ಚಿಟ್ಟಿದ್ದಾಳೆ. ನಿನ್ನ ಮೇಲೆ ಅವಳಿಗೆ ಭಾಳ ಸಿಟ್ಟಿದೆ. ಮುಖದ ಮಾತು ಬಿಡು, ಬಾ. ಅವಳು ಮಾತಾಡಿಸದಿದ್ದರೂ ನೀನು ಪಡಸಾಲೆಯಲ್ಲಿ ಪುಸ್ತಕ ತೆರೆದು ಕೂತುಕೋ.