ಎರಡೂ ಕಾಲಿಗೆ ಎಣ್ಣೆ

ಚೈತಾಲಿಯ ಅಪ್ಪನಿಗೆ,

ನೀರುದೋಸೆ ಹೊಯ್ಯುತ್ತಿದ್ದಾಗ ಪಕ್ಕದ ಮನೆಯ ಶೀನಣ್ಣ ಬಂದು, ನಿಮ್ಮ ಮೊಣಕಾಲಿಗೆಂದು ಒಂದು ಬಾಟ್ಲಿ ಎಣ್ಣೆ ಕೊಟ್ಟು ಹೋದರು. ಅಷ್ಟರಲ್ಲಿ ಕಾವಲಿಯ ಮೇಲಿದ್ದ ದೋಸೆ ಕರಟಿಹೋಯಿತು. ಉಳಿದ ಹಿಟ್ಟು ಫ್ರಿಡ್ಜಿನಲ್ಲಿ ಉಂಟು, ನೀವೇ ಹೊಯ್ದುಕೊಳ್ಳಿ. ಕಟಪಾಡಿಯಿಂದ ತಂದ ಮೀನನ್ನು ಹೊರಗೆ ಬಿಡಬೇಡಿ, ಬೆಕ್ಕು ಕಾಯುತ್ತಿದೆ.

ಕಳೆದ ಸಲ ಮಣಿಪಾಲದ ಆಸ್ಪತ್ರೆಯ ಬಾಗಿಲಲ್ಲಿ ಶೀನಣ್ಣ ಎದುರಾದಾಗ, ಮಗಳನ್ನು ಮಕ್ಕಳ ಮನೋವೈದ್ಯರಿಗೆ ತೋರಿಸಲು ಬಂದದ್ದು ಎನ್ನಲು ನಾಚಿ, ನಿಮಗೇ ಮೊಣಕಾಲು ನೋವು ಎಂದಿರಲ್ಲ? ಆಮೇಲೆ ಒಳಗೂ ಬಾರದೆ, ಅವರ ಕಣ್ಣೆದುರು ಬಸ್ ಸ್ಟ್ಯಾಂಡಿನವರೆಗೆ ಕುಂಟಿದಿರಿ. ಅದೂ ಸ್ವಲ್ಪ ದೂರ ಎಡಗಾಲು, ಸ್ವಲ್ಪ ದೂರ ಬಲಗಾಲು!

"ಪಾಪ, ಎರಡೂ ಕಾಲಿಗೆ ಬಂದಿದೆ ಅಲ್ವಾ ಕುಶಲಕ್ಕ? ಎರಡಕ್ಕೂ ಹಚ್ಚಲಿಕ್ಕೆ ಹೇಳಿ" ಎಂದರು ಶೀನಣ್ಣ, ಇವತ್ತು ಬಾಟ್ಲಿ ಕೊಡುವಾಗ.

ಚೈತಾಲಿ ಬಾಗಿಲ ಹಿಂದೆ ನಿಂತು ನಕ್ಕಳು. ಶಾಲೆಯ ಹೆಸರೆತ್ತಿದರೆ ಮಂಚದಡಿ ಸೇರಿಕೊಳ್ಳುವ ಮಗು, ನಕ್ಕು ಎಷ್ಟು ತಿಂಗಳಾಗಿತ್ತು! ನಿಮ್ಮ ಮೇಲಿದ್ದ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು.

ಇವತ್ತು ಮತ್ತೆ ಮಣಿಪಾಲದ ಡಾಕ್ಟರ ಹತ್ತಿರ ಹೋಗಲಿಕ್ಕುಂಟು, ನಾವು ಬಸ್ಸಿಗೆ ಹೊರಟೆವು. ನೀವು ಬೈಕಿನಲ್ಲಿ ಬಂದರೆ ನಮಗಿಂತ ಮೊದಲೇ ತಲುಪುತ್ತೀರಿ. ಅಪ್ಪ ಅಮ್ಮ ಇಬ್ಬರೂ ಒಳಗೆ ಬರಬೇಕೆಂದು ಡಾಕ್ಟರು ಎರಡು ಸಲ ಹೇಳಿದ್ದಾರೆ. ದಾರಿಯಲ್ಲಿ ಶೀನಣ್ಣ ಸಿಕ್ಕಿದರೆ ಕಾಲು ಗುಣವಾಯಿತೆನ್ನಿ, ಅವರ ಎಣ್ಣೆಗೂ ಹೆಸರು ಬರಲಿ.

ಜಡೆ ಹಾಕುವಾಗ ಚೈತಾಲಿ, ಇಷ್ಟು ದಿನ ನುಂಗಿಕೊಂಡಿದ್ದನ್ನು ಇವತ್ತು ಬಾಯಿಬಿಟ್ಟು ಕೇಳಿದಳು:

"ಅಮ್ಮ, ಅಪ್ಪ ಇವತ್ತಾದರೂ ನನ್ನ ಜೊತೆ ಒಳಗೆ ಬರ್ತಾರಾ?"